ಇನ್ಸ್‌ಪೆಕ್ಟರ್ ಸಾಹೇಬರ ಗೋಧಿ ಚೀಲ

ಇನ್ಸ್‌ಪೆಕ್ಟರ್ ಗಂಗಾಧರಯ್ಯನವರು ಡ್ರೈವಿಂಗ್ ಟೆಸ್ಟಿನ ನೆಪದಲ್ಲಿ ಮನೆಗೆಲಸವನ್ನೆಲ್ಲ ಮುಗಿಸಿಕೊಳ್ಳುವ ಆಸಾಮಿ. ಟೆಸ್ಟಿಗೆ ಬಂದವರ ಕಾರಿನಲ್ಲೇ ತರಕಾರಿ ಮಾರ್ಕೆಟ್ಟು, ಬೀಗರ ಮನೆ ಎಲ್ಲ ಆಗಬೇಕು. ಚೆನ್ನಾಗಿ ಓಡಿಸಿದವರನ್ನಂತೂ ತಪ್ಪದೆ ಫೇಲ್ ಮಾಡುತ್ತಿದ್ದರು, ಒಳ್ಳೆ ಡ್ರೈವರು ಮತ್ತೆ ಬರಲಿ ಅಂತ.

ಮದುವೆ ಮನೆಗಳಿಗೆ ಹೋಳಿಗೆ ಮಾಡಿಕೊಡುವ ಜಯಶೀಲ ಹೀಗೇ ಎರಡು ಸಲ ಫೇಲಾಗಿದ್ದಳು. ಈ ಸಲ ಸಾಹೇಬರು ಗೋಧಿ ಚೀಲದ ಸಮೇತ ಕಾರು ಹತ್ತಿ, "ಹಿಟ್ಟಿನ ಗಿರಣಿಗೆ ನಡಿಯಮ್ಮ" ಅಂದರು.

ಗಿರಣಿ ಮುಂದೆ ಬಂದಾಗ, "ಇಲ್ಲೇ ನಿಲ್ಲಿಸಿರು, ಬೀಸಿಸಿಕೊಂಡು ಬರ್ತೀನಿ" ಅಂದರು.

"ನೋ ಪಾರ್ಕಿಂಗ್ ಬೋರ್ಡಿದೆ ಸರ್. ನಿಲ್ಲಿಸಿದ್ರೆ ಫೇಲ್ ಮಾಡ್ತೀರಿ."

"ಹಾಗಾದ್ರೆ ನನ್ನ ಇಳಿಸಿ ಒಂದು ಸುತ್ತು ಹೊಡ್ಕೊಂಡು ಬಾ."

"ನಂದಿನ್ನೂ ಎಲ್ ಬೋರ್ಡು ಸರ್. ಪಕ್ಕದಲ್ಲಿ ಲೈಸೆನ್ಸ್ ಇರೋರು ಇಲ್ದೆ ಗಾಡಿ ಕದಲಿಸೋ ಹಾಗಿಲ್ಲ."

ಹಿಂದೆ ಬಸ್ಸೊಂದು ಹಾರನ್ ಬಾರಿಸತೊಡಗಿತು. ಸಾಹೇಬರು ಬೋರ್ಡು ನೋಡಿದರು, ಚೀಲ ನೋಡಿದರು.

"ಮತ್ತೆ ಏನ್ಮಾಡೋದು?"

"ನಾನು ಪಾಸಾಗಿದ್ದಿದ್ರೆ ಎಷ್ಟು ಸುತ್ತು ಬೇಕಾದ್ರೂ ಹೊಡೀತಿದ್ದೆ ಸರ್" ಅಂದಳು ಜಯಶೀಲ, ಮುಖ ಸಪ್ಪಗೆ ಮಾಡಿಕೊಂಡು.

ಬಸ್ಸು ಮತ್ತೆ ಕಿರುಚಿತು. ಸಾಹೇಬರು ತೊಡೆಯ ಮೇಲೇ ಕಾಗದ ಇಟ್ಟು 'ಪಾಸ್' ಎಂದು ಬರೆದು, ಸಹಿ ಹಾಕಿ, ಅವಳ ಕೈಗಿಟ್ಟು, ಚೀಲ ಹೊತ್ತು ಇಳಿದರು.

ಹಿಟ್ಟು ಮಾಡಿಸಿ ಬಂದು ಅವರು ಕೈ ಅಡ್ಡ ಹಿಡಿದಾಗ ಕಾರು ಮೆಲ್ಲಗೆ ಪಕ್ಕದಲ್ಲೇ ಹಾದುಹೋಯಿತು.

"ಇಲ್ಲಿ ನಿಲ್ಲಿಸೋ ಹಾಗಿಲ್ಲ ಸರ್" ಅಂದಳು ಜಯಶೀಲ ಕಿಟಕಿಯಿಂದ. "ನಿಮ್ಮ ಸಹಿಗೆ ಮರ್ಯಾದೆ ಬೇಡ್ವಾ?"

ಕೊಟ್ಟ ಮಾತಿನಂತೆ ಅವಳು ಸುತ್ತು ಹೊಡೆಯುತ್ತಲೇ ಇದ್ದಳು. ಮೂರನೇ ಸುತ್ತಿಗೆ ಬಂದಾಗ ಸಾಹೇಬರು ಹಿಟ್ಟಿನ ಚೀಲವನ್ನು ತಲೆ ಮೇಲಿಟ್ಟುಕೊಂಡು, ಫುಟ್‌ಪಾತಿನ ಎಡಬದಿ ಹಿಡಿದು ನಡೆಯುತ್ತಿದ್ದರು.