ಅಕ್ಕು ಬೇಡಿದ ಒಂದು ಮಡಕೆ ಮರಳು

ಗಲಾಟೆ ಸಾಕು, ಹತ್ತಿರ ಬನ್ನಿ ಮಕ್ಕಳೇ. ಕಡಲ ಬದಿಯ ಒಂದು ರಾಜ್ಯದಲ್ಲಿ ಅಕ್ಕು ಅಂತ ಒಬ್ಬಳು ಮೀನುಗಾರ್ತಿ ಇದ್ದಳು. ಪಾಪ, ಹೆತ್ತ ಮಕ್ಕಳಿರಲಿಲ್ಲ. ಮರಳೊಳಗಿನ ಮೀನಿನ ಮೊಟ್ಟೆಗಳನ್ನೇ ‘ನನ್ನ ಮಕ್ಳು’ ಅನ್ನುತ್ತಿದ್ದಳು.

ಹುಣ್ಣಿಮೆಯ ಉಬ್ಬರಕ್ಕೆ ಅಲ್ಲಿ ಬೆಳ್ಳಿಮೀನು ದಡ ಹತ್ತುತ್ತಿತ್ತು. ಮರಳಲ್ಲಿ ಮೊಟ್ಟೆ ಹೂತು, ಮುಂದಿನ ಅಲೆಗೆ ವಾಪಸ್. ಮನೆಗೊಂದು ತುಂಡು ದಡ ಅಂತ ಹಂಚಿಕೊಂಡು ಊರವರು ಕಾಯುತ್ತಿದ್ದರು. ಮೊಟ್ಟೆಯಿಟ್ಟಲ್ಲೆಲ್ಲ ಒಂದು ಕಡ್ಡಿ ನೆಡುವರು. ಅಮಾವಾಸ್ಯೆಯ ಉಬ್ಬರ ಬಂದು ಮರಿಗಳನ್ನು ಕರೆದೊಯ್ಯುವ ತನಕ ಅಲ್ಲಿ ಯಾರೂ ಕಾಲಿಡರು. ಕಡ್ಡಿ ಕಡಿಮೆಯಾದ ವರ್ಷ ಬಲೆ ಬೀಸುವುದೂ ಕಡಿಮೆ.

ರಾಜನ ಅಧಿಕಾರಿ ಬೊಮ್ಮರಸನಿಗೆ ಆ ಮರಳಿನ ಮೇಲೆ ಕಣ್ಣು ಬಿತ್ತು. ಏಳಂತಸ್ತಿನ ಮನೆ ಕಟ್ಟಬೇಕಂತೆ! ಹುಣ್ಣಿಮೆ ಕಳೆದದ್ದೇ ತಡ, ಕಡ್ಡಿಗಳನ್ನೆಲ್ಲ ಕಿತ್ತು ಕಡಲಿಗೆಸೆದ.

“ಒಡೆಯಾ, ಅಲ್ಲಿ ಮೀನೂ ಇಲ್ಲ, ಮೊಟ್ಟೆಯೂ ಇಲ್ಲ. ಮರಳು ನನಗೆ ಕೊಡಿ” ಅಂದ.

ರಾಜ ಬಂದು ನೋಡಿದ, ಮರಳು. ಬಗ್ಗಿ ನೋಡಿದ, ಮರಳು. ಮುಷ್ಟಿ ಹಿಡಿದು ನೋಡಿದ, ಆಗಲೂ ಮರಳೇ.

ಅಕ್ಕು ರಾಜನ ಮುಂದೆ ಬಂದಳು. ಮರಳು ಹೊರುವ ಗಾಡಿ ಬಂದರೆ ಮಕ್ಕಳ ಗತಿ ಏನು?

“ಒಡೆಯಾ, ಮರಳೊಳಗೆ ಮೊಟ್ಟೆ ಇದೆ, ಅಮಾವಾಸ್ಯೆವರೆಗೆ ತಡೀರಿ. ಒಂದು ಮಡಕೆ ಮರಳು ಅರಮನೇಲಿ ಇರಲಿ. ನಾನು ತುಂಬಿದ್ರೆ ಮೋಸ ಅಂತಾರೆ. ಮೊಟ್ಟೆ ಇಲ್ಲದ ಜಾಗ ನೋಡಿ ಈ ದೊಡ್ಡವರೇ ತುಂಬಲಿ.”

ರಾಜ ಹೂಂ ಅಂದ. “ಅಷ್ಟೇನಾ!” ಅಂತ ಬೊಮ್ಮರಸ ನಕ್ಕ. ಆಮೇಲೆ ದಡ ನೋಡಿದ. ಅಯ್ಯೋ, ಮೊಟ್ಟೆ ಎಲ್ಲಿದೆ, ಎಲ್ಲಿಲ್ಲ? ಗುರುತು ಕಿತ್ತವನು ಅವನೇ! ಗೊತ್ತಿಲ್ಲ ಅನ್ನೋಣ ಅಂದರೆ, ಮೊಟ್ಟೆಯೇ ಇಲ್ಲ ಅಂದವನೂ ಅವನೇ. ಇಲ್ಲಿ ಹೋದ, ನಿಂತ. ಅಲ್ಲಿ ಹೋದ, ನಿಂತ. ಮೂರನೇ ಕಡೆ ದೇವರೇ ಗತಿ ಅಂತ ಅಗೆದ.

“ಇನ್ನೂ ಸ್ವಲ್ಪ ಆಳಕ್ಕೆ, ಧಣಿ” ಅಂದಳು ಅಕ್ಕು.

ಅಮಾವಾಸ್ಯೆಗೆ ಅಕ್ಕು ಕೊಡದಲ್ಲಿ ಕಡಲ ನೀರು ಹೊತ್ತು ಅರಮನೆಗೆ ಬಂದಳು. ನೀರು ಹೊಯ್ದಳು, ಮಡಕೆ ಅಲುಗಿಸಿದಳು, “ಏಳಿ ಮಕ್ಳೇ, ಅಲೆ ಬಂತು” ಅಂದಳು. ಒಂದು ಮರಿ ಚಿಮ್ಮಿತು. ಇನ್ನೊಂದು. ಆಮೇಲೆ ಮಡಕೆ ತುಂಬ ನೂಲಿನಷ್ಟು ಸಣ್ಣ ಮರಿಗಳು! ಅಕ್ಕು ಗಳಗಳ ಅತ್ತುಬಿಟ್ಟಳು.

“ಏನಯ್ಯಾ, ಇದು ನೀನೇ ತುಂಬಿದ ಮರಳಲ್ಲವಾ?” ಅಂದ ರಾಜ. ಆಮೇಲೆ ತೀರ್ಪು ಕೊಟ್ಟ.

“ಆ ದಡ ಇನ್ನು ಅದನ್ನು ಕಾದವರದ್ದು. ನೀನು ಈ ಮಡಕೆ ತಲೆ ಮೇಲೆ ಹೊತ್ತು ಕಡಲಿಗೆ ನಡಿ. ಒಂದು ಮರಿಯೂ ಚೆಲ್ಲಬಾರದು.”

ಮೊಣಕಾಲುದ್ದ ನೀರಿಗಿಳಿದು ಬೊಮ್ಮರಸ ಮಡಕೆ ಬಾಗಿಸಿದ. ಮರಿಗಳು ಅವನ ಬೆರಳ ಸಂದಿಯಲ್ಲೇ ನುಸುಳಿ ಹೋದವು. ಅವನು ಬಹಳ ಹೊತ್ತು ಕೈ ಮೇಲೆತ್ತಲಿಲ್ಲ.

ತಿಳೀತೇನ್ರೋ? ಕಣ್ಣಿಗೆ ಕಾಣಲಿಲ್ಲ ಅಂತ ಇಲ್ಲವೇ ಇಲ್ಲ ಅನ್ನಬಾರದು. ಹುಟ್ಟಲಿರುವ ಜೀವವನ್ನು ಊರೆಲ್ಲ ಸೇರಿ ಕಾಯಬೇಕು.