ಹಸಿರು ಬಳೆ ಹೆಚ್ಚಿವೆ

"ಗುರುಗಳೇ, ಸಿದ್ಧವ್ವನನ್ನು ಯಾವ ಮನೆಗೆ ಹಾಕಲಿ?" ಎಂದು ಶಿಷ್ಯ ಕರಿಬಸವ ಕೇಳಿದ.

ಮಠದ ಕೆಲಸಗಳನ್ನು ಹಲಗೆಯ ಮೇಲೆ ಜೋಡಿಸಲು ಗುರುಗಳೇ ಹೇಳಿದ್ದರು. ಅವನು ಮೂರು ಅಂತಸ್ತು ಗೀಚಿ, ಒಂದೊಂದರಲ್ಲೂ ಚೌಕದ ಮನೆಗಳನ್ನು ಹಾಕಿದ್ದ. ಮೇಲೆ ಮಠಕ್ಕೆ ಬಂದವರ ಅಗತ್ಯ, ನಡುವೆ ಕೆಲಸ, ಕೆಳಗೆ ಸಾಮಾನು. ಎಲ್ಲವೂ ಕೂತವು. ಪಾಠಶಾಲೆಗೂ ಅಡುಗೆಮನೆಗೂ ದಿನವಿಡೀ ಓಡಾಡುವ ಸಿದ್ಧವ್ವ ಮಾತ್ರ ಎಲ್ಲಿಯೂ ಕೂರಲಿಲ್ಲ. ಮೂರು ದಿನದಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಕೈಯಲ್ಲಿ ಸೀಮೆಸುಣ್ಣ ಹೊರಳುತ್ತಲೇ ಇತ್ತು.

"ಮನೆ ಸಿಗದವರನ್ನು ಊರಿಗೆ ಕಳಿಸಿಬಿಡಲೇ?"

ಗುರುಗಳು ಕತೆ ಹೇಳಿದರು.

ಒಬ್ಬ ಬಳೆಯ ವ್ಯಾಪಾರಿ ಇದ್ದ. ಅವನೂ ಇಂಥದೇ ಹಲಗೆ ಬರೆಸಿದ. ಮೇಲೆ ಅಂಗಡಿ, ನಡುವೆ ಉಗ್ರಾಣ, ಕೆಳಗೆ ಗಾಜಿನ ಕುಲುಮೆ. ಮೇಲಿನ ಮಾತು ಚೀಟಿಯಲ್ಲಿ ಕೆಳಗಿಳಿಯಬೇಕು. ಒಬ್ಬ ಮುದುಕ ಅಲ್ಲಿಯ ಸುದ್ದಿ ಇಲ್ಲಿ, ಇಲ್ಲಿಯದು ಅಲ್ಲಿ ಹರಟುತ್ತ ಅಂಗಡಿಗೂ ಕುಲುಮೆಗೂ ಓಡಾಡಿಕೊಂಡಿದ್ದ. ಅವನಿಗೆ ಮನೆ ಸಿಗಲಿಲ್ಲ. ವ್ಯಾಪಾರಿ ಅವನನ್ನು ಕೆಲಸದಿಂದ ಬಿಡಿಸಿದ. ಹರಟೆಯವರ ಹಣೆಬರಹವೇ ಅಷ್ಟು.

ಆಮೇಲೆ ಒಂದು ಮದುವೆ ಬಂತು. ಮದುಮಗಳಿಗೆಂದು ತೆಗೆದಿಟ್ಟ ಹಸಿರು ಬಳೆಗಳು ಅಂಗಡಿಯಲ್ಲಿ ಕೈಜಾರಿ ಬಿದ್ದವು. ಬಳೆಯ ವಿಷಯದಲ್ಲಿ ಒಡೆದವು ಎಂಬ ಅಶುಭದ ಮಾತನ್ನು ಯಾರೂ ಆಡುವುದಿಲ್ಲ, ಹೆಚ್ಚಿದವು ಎನ್ನುತ್ತಾರೆ. ಅಂಗಡಿಯವನೂ ಹಾಗೇ ಬರೆದ: "ಮದುವೆಯ ಹಸಿರು ಬಳೆ ಹೆಚ್ಚಿವೆ." ಉಗ್ರಾಣದವನು ಅಕ್ಷರ ತಪ್ಪದೆ ನಕಲು ಮಾಡಿದ. ಕುಲುಮೆಯ ಮೇಸ್ತ್ರಿ ದೂರದ ಸೀಮೆಯವನು, ಈ ರೂಢಿ ಅರಿಯದವನು. ಓದಿ, ಹಸಿರು ನಿಲ್ಲಿಸಿ ಕೆಂಪಿಗೆ ಕೈಹಾಕಿದ.

ಮದುವೆಯ ಹಿಂದಿನ ದಿನ ಮದುಮಗಳ ಅಜ್ಜಿ ಅಂಗಡಿಯ ಮುಂದೆ ನಿಂತಳು.

"ಏನು ಶೆಟ್ಟರೇ, ನಮ್ಮ ಹುಡುಗಿ ಬರಿಗೈಯಲ್ಲಿ ಹಸೆಗೆ ಕೂರಬೇಕೋ?"

ವ್ಯಾಪಾರಿ ಪಂಚೆ ಎತ್ತಿಕಟ್ಟಿ ಕುಲುಮೆಗೆ ಓಡಿದ.

"ಹಸಿರು ಬಳೆ ಎಲ್ಲಯ್ಯಾ?"

"ಹೆಚ್ಚಿವೆ ಎಂದು ನೀವೇ ಬರೆದು ಕಳಿಸಿದಿರಲ್ಲ, ಧಣಿ! ಹೆಚ್ಚಿದ್ದನ್ನು ಇನ್ನೆಷ್ಟು ಹೆಚ್ಚಿಸಲಿ?"

ಅಜ್ಜಿ ಬೇರೆ ಊರಿನ ಬಳೆಗಾರನನ್ನು ಕರೆಸಿದಳು. ಅಲ್ಲಿಂದಾಚೆ ಊರಿನ ಮದುವೆಗಳೆಲ್ಲ ಅವನ ಪಾಲಾದವು. ಮುದುಕನ ಮನೆ ಎಲ್ಲಿ ಎಂದು ಕೇಳುತ್ತ ವ್ಯಾಪಾರಿ ಬೀದಿಬೀದಿ ಅಲೆದ. ಯಾರಿಗೂ ಗೊತ್ತಿರಲಿಲ್ಲ.

ಕರಿಬಸವ ಚಡಪಡಿಸಿದ. "ಹಾಗಾದರೆ ಅಂತಸ್ತು ಹಾಕಿದ್ದೇ ತಪ್ಪೇ? ಅಳಿಸಿಬಿಡಲೇ?"

"ಅಳಿಸಬೇಡ," ಎಂದರು ಗುರುಗಳು. "ಮೆಟ್ಟಿಲು ಯಾವ ಅಂತಸ್ತಿನದು, ಅಷ್ಟು ಹೇಳು."

ಸೀಮೆಸುಣ್ಣ ನಿಂತಿತು.