ಹೂಂ ಅನ್ನದ ಕ್ಲೇತಮ್ಮ

ಒಂದಾನೊಂದು ಕಾಲ ಅಂತ ಒಂದಿತ್ತಂತೆ, ಆ ಕಾಲದಲ್ಲಿ ಕಡಲ ದಂಡೆಯ ಒಂದು ಪಟ್ಟಣದಲ್ಲಿ ಯೇಸುಸ್ವಾಮಿಯನ್ನು ನಂಬಿದವರೆಲ್ಲ ಗುಟ್ಟಾಗಿ ಸೇರಿ ಒಂದು ಕಟ್ಟಳೆ ಮಾಡಿಕೊಂಡಿದ್ದರಂತೆ. ಯಾರೇ ಕೇಳಲಿ, ಸುಳ್ಳಿಗೆ ಹೂಂ ಅನ್ನಬಾರದು. ಅದನ್ನು ಒಬ್ಬಳು ಬಿಟ್ಟು ಎಲ್ಲರೂ ಮುರಿದರಂತೆ. ನೀನು ಮಾತ್ರ ಹೂಂ ಅಂತಿರು ಮೋನಿ, ಇಲ್ಲದಿದ್ದರೆ ನಿದ್ದೆ ಹೋದೆ ಅಂದುಕೊಂಡು ಕತೆ ನಿಲ್ಲಿಸಿಬಿಡ್ತೀನಿ.

ಆ ಒಬ್ಬಳೇ ನಮ್ಮ ಚರ್ಚಿನ ಬಲಗಡೆ ಗೂಡಿನಲ್ಲಿ ನಿಂತಿದ್ದಾಳಲ್ಲ, ಒಂದು ಕೈಲಿ ಪುಟ್ಟ ಚಾಕು, ಇನ್ನೊಂದರಲ್ಲಿ ದಾರದ ಉಂಡೆ, ತುಟಿ ಬಿಗಿಹಿಡಿದಿರೋ ಸಂತ ಕ್ಲೇತಮ್ಮ. ಆ ಚಾಕುವಿನಲ್ಲೇ ಅವಳನ್ನು ಕೊಂದರಾ ಅಂತ ಕೇಳಿದೆಯಲ್ಲ ಬೆಳಿಗ್ಗೆ? ಎಲ್ಲರೂ ಹಾಗೇ ತಪ್ಪು ತಿಳೀತಾರೆ. ಅವಳು ಸೂಲಗಿತ್ತಿ ಕಣೇ. ಅದು ಹೊಕ್ಕುಳಬಳ್ಳಿ ಕುಯ್ಯೋ ಚಾಕು, ಇದು ಕಟ್ಟೋ ದಾರ.

ಆಮೇಲೆ ಏನಾಯ್ತಂತೆ, ಆ ಪಟ್ಟಣದ ರಾಜನಿಗೆ ಒಂದು ಹುಚ್ಚು ಹಿಡೀತಂತೆ. ನಾನು ಯಾರ ಹೊಟ್ಟೇಲೂ ಹುಟ್ಟಿದವನಲ್ಲ, ಆಕಾಶದಿಂದ ಇಳಿದ ದೇವರು, ನನಗೆ ಸಾಂಬ್ರಾಣಿ ಹಾಕಿ ಹೂಂ ಅನ್ನಿ ಅಂತ ಡಂಗುರ ಹೊಡೆಸಿದನಂತೆ. ಮೀನು ಮಾರೋರು ಹೂಂ ಅಂದ್ರು, ಹಡಗಿನೋರು ಹೂಂ ಅಂದ್ರು, ಕಟ್ಟಳೆ ಮಾಡಿದ ಹಿರಿಯರೂ ಕೆಮ್ಮಿದ ಹಾಗೆ ಮಾಡಿ ಹೂಂ ಅಂದ್ರಂತೆ. ಆದರೂ ರಾಜನಿಗೆ ನೆಮ್ಮದಿ ಇಲ್ಲ. ಯಾಕೆ ಹೇಳು? ಅವನ ತಾಯಿಗೆ ಹೆರಿಗೆ ಮಾಡಿಸಿದವಳೇ ಕ್ಲೇತಮ್ಮ. ಅವಳು ಹೂಂ ಅನ್ನೋ ತನಕ ಊರು ಒಳಗೊಳಗೇ ನಗುತ್ತೆ.

ಮೊದಲು ಚಿನ್ನದ ಬಳೆ ಕಳಿಸಿದನಂತೆ. ಇದನ್ನು ಹಾಕ್ಕೊಂಡು ಎಳೆಗೂಸು ಹಿಡಿದರೆ ಗೀರುತ್ತೆ ಕಣಪ್ಪಾ ಅಂತ ತಂದವನ ಕೈಲೇ ವಾಪಸ್ ಕಳಿಸಿದಳಂತೆ. ಎರಡನೇ ಸಲ ಸೆರೆಗೆ ಹಾಕಿಸಿ ತಾನೇ ಬಂದು, ಈಗಲಾದರೂ ಹೂಂ ಅಂತೀಯೋ ಇಲ್ವೋ ಅಂದನಂತೆ. ಅದಕ್ಕೆ ಅವಳು, ಮಗಾ, ನೀನು ಕಾಲು ಮುಂದಾಗಿ ಬಂದವನು, ಅಳದೆ ನೀಲಿಯಾಗಿ ಮಲಗಿದ್ದೆ, ನಾನು ಕುಂಡಿಗೆ ಎರಡು ಬಾರಿಸಿದ ಮೇಲೆ ಅತ್ತೆ, ನಮ್ಮ ಸ್ವಾಮಿಯೇ ತಾಯಿ ಹೊಟ್ಟೇಲಿ ಹುಟ್ಟಿ ಬಂದ, ನಿನಗೇನೋ ನಾಚಿಕೆ ಅಂದಳಂತೆ. ಕಾವಲಿನವನು ನಗು ತಡೆಯೋಕೆ ಗೋಡೆ ಕಡೆ ತಿರುಗಿದನಂತೆ. ನಾಳೆ ಇವಳ ತಲೆ ತೆಗೀರಿ ಅಂದನಂತೆ ರಾಜ.

ಮೂರನೇ ಸಲ ಬಂದವಳು ರಾಜನ ತಾಯಿ. ಅಕ್ಕಾ, ನಾನೇ ಇವನನ್ನು ಹೆತ್ತಿಲ್ಲ ಅಂತ ಒಪ್ಪಿಕೊಂಡೆ, ನೀನೂ ಹೂಂ ಅಂದುಬಿಡು, ಜೀವ ಉಳಿಯುತ್ತೆ ಅಂತ ಅತ್ತಳಂತೆ. ಕ್ಲೇತಮ್ಮ ಅವಳ ತಲೆ ನೇವರಿಸಿ, ನೀನು ಪಟ್ಟ ನೋವು ನೋಡಿದವಳು ಕಣೇ ನಾನು, ಅದನ್ನು ಹೇಗೆ ಇಲ್ಲ ಅನ್ನಲಿ ಅಂದಳಂತೆ. ಆಮೇಲೆ ಸೆರಗಿನ ಗಂಟು ಬಿಚ್ಚಿ, ಚಾಕು ದಾರ ಅವಳ ಕೈಗಿಟ್ಟು, ಊರಲ್ಲಿ ಬಸುರಿಯರಿದ್ದಾರೆ, ನೋಡಿಕೋ ಅಂದಳಂತೆ. ಆ ತಾಯಿ ಅರಮನೆ ಬಿಟ್ಟು ಕೊನೇ ತನಕ ಹೆರಿಗೆ ಮಾಡಿಸಿಕೊಂಡು, ಊರ ಮಕ್ಕಳ ನಡುವೆ ಸುಖವಾಗಿದ್ದಳಂತೆ, ರಾಜನನ್ನು ಹೆತ್ತವಳು ನಾನೇ ಅಂತ ಬೀದೀಲಿ ನಿಂತು ಹೇಳ್ತಿದ್ದಳಂತೆ. ಈಗಲೂ ಬಸುರಿಯರು ಕ್ಲೇತಮ್ಮನಿಗೆ ಮೇಣದಬತ್ತಿ ಹಚ್ತಾರೆ, ನೀನು ಹೊಟ್ಟೇಲಿದ್ದಾಗ ನಿಮ್ಮಮ್ಮನೂ ಹಚ್ಚಿದ್ದಳು.

ಇನ್ನು ನೀನು ಹೂಂ ಅನ್ನಬೇಡ, ಕತೆ ಮುಗಿಯೋದು ಇಲ್ಲೇ. ಬೆಳಗಾಗೆದ್ದು ರಾಜ ಕೊನೇ ಸಲ ಕೇಳಿದನಂತೆ, ಬಾಯಿ ಬಿಡೋದೂ ಬೇಡ, ಸುಮ್ಮನೆ ತಲೆ ಆಡಿಸು, ಸಾಕು. ಕ್ಲೇತಮ್ಮ ಅವನನ್ನು ಹುಟ್ಟಿದ ದಿನ ನೋಡಿದ ಹಾಗೆಯೇ ಅಡಿಯಿಂದ ಮುಡಿವರೆಗೆ ನೋಡಿ, ತುಟಿ ಬಿಗಿಹಿಡಿದು, ತಲೆ ಆಡಿಸದೆ ನಿಂತಳಂತೆ.